ಮೋಡದ ಬಾಡಿಗಿ

ಶಹಾಬಾದದಾಗ ಹುಡಿ ಅಂದ್ರ ಬರೀ ಹುಡಿ ಅಲ್ಲ,
ಮೈಮ್ಯಾಲಿನ ಎರಡನೇ ಚರ್ಮ.
ಪಾಲಿಶ್ ಮಷೀನ್ ತಿರಗ್ತದ, ಕಲ್ಲು ಹಾಲಾಗಿ ಹರೀತದ,
ಒಣಗಿದ ಮ್ಯಾಲ ಹಾರತದ,
ಚಾದಾಗ, ರೊಟ್ಟ್ಯಾಗ, ರೆಪ್ಪಿ ಮ್ಯಾಲ,
ಕಡಿಗೆ ಬಂದು ಕಂಪ್ಯೂಟರಿನ ಫ್ಯಾನಿನಾಗ ಕೂಡ್ತದ.

ಹಳೀ ದುಪ್ಪಟ್ಟ ಹೊಚ್ಚಿದ್ದೆ ಅದಕ್ಕ,
ದಿನಾ ಊದಬತ್ತಿ ಬೆಳಗ್ತಿದ್ದೆ.
ಆದ್ರೂ ಮೂರು ವರ್ಷದ ಹಿಂದ, ವೈಶಾಖದಾಗ,
ಎರಡು ಸಲ ಕೆಮ್ಮಿ, ನೀಲಿ ಪರದಾ ತೋರಿಸಿ
ಸತ್ತೇ ಹೋಯ್ತು,
ಮೂರು ತಿಂಗಳ ಬಿಲ್ಲು, ಜಿಎಸ್‌ಟಿ, ಸೊಲ್ಲಾಪುರದ ಉಧಾರಿ
ಎಲ್ಲಾ ಹೊಟ್ಟ್ಯಾಗ ಇಟಕೊಂಡು.
ಕಲಬುರಗಿ ಸುಪರ್ ಮಾರ್ಕೆಟ್ ತನಕ ಹೊತಗೊಂಡು ಹೋದೆ.
ರಿಪೇರಿಯಂವ ಬಿಚ್ಚಿ ನೋಡಿ ಕೇಳ್ದ:
"ಸಾಹುಕಾರ್ರ, ಇದರಾಗ ಮನಿ ಕಟ್ಟೀರೇನು?"

ತಬಸ್ಸುಮ್ ಅಂದ್ಲು, ನಮ್ಮ ಲೆಕ್ಕ ಬರಿಯಾಕಿ,
ಕಟಿಂಗ್ ಮಷೀನಿನ ಮಶಾಕನ ಮಗಳು:
"ಲೆಕ್ಕ ಮೋಡದಾಗ ಇಡೋಣ್ರಿ."

ನಾ ನಕ್ಕೆ.
ನಮ್ಮ ಕಡಿ ಮೋಡ ಅಂದ್ರ
ಮಿರಗಕ್ಕ ಬಂದು, ಕಾಗಿಣಾದ ಮ್ಯಾಲ ಒಂದು ಸುತ್ತು ಹಾಕಿ,
ಮಳಖೇಡದ ಕಡಿ ಹೊಳ್ಳಿ ಹೋಗಾದು.
ಅದರ ಕೈಯಾಗ ನನ್ನ ರೊಕ್ಕದ ಲೆಕ್ಕಾ?
ಎಷ್ಟು ಟನ್ ತಡಕೋತದ? ಹಮಾಲಿ ಎಷ್ಟು?

"ತೂಕ ಇಲ್ಲ ಅಂಕಲ್. ಬಾಡಿಗಿ ತಿಂಗಳಿಗೆ ನಾಕ್ನೂರು."

ತೂಕ ಇಲ್ಲ!
ಇಂಚು ದಪ್ಪ, ಎರಡಕ್ಕೆರಡರ ಒಂದು ಹಾಸಗಲ್ಲು
ಇಪ್ಪತ್ತೈದು ಕಿಲೊ.
ನಲವತ್ತು ವರ್ಷ ಅದನ್ನೇ ಎತ್ತಿ ಇಳಿಸಿ
ಬೆನ್ನಿನ ಮಣಿ ಎರಡು ಸರದಾವ.

ಈಗ ಲಾರಿ ಹುಮನಾಬಾದ ದಾಟಾದ್ರಾಗ
ಅಂಬಾರಾಯ ಚಲನಿನ ಫೋಟೊ ಏರಿಸಿರ್ತಾನ.
ಲಾತೂರಿನ ವ್ಯಾಪಾರಿ ತನ್ನ ಗಾದಿ ಮ್ಯಾಲೇ ಕೂತು
ನನ್ನ ಅಂಗಳದಾಗ ನೀಲಿ ಎಷ್ಟು, ಹಳದಿ ಎಷ್ಟು, ಎಣಸ್ತಾನ.
ಬಸವಕಲ್ಯಾಣದ ಮದಿವ್ಯಾಗ ಹುಗ್ಗಿಗೆ ಕೈ ಹಾಕಿದ್ದೆ,
ಒಂದು ಬಿಲ್ಲು ಬಂತು. ಎಡಗೈಲೆ ಹೂಂ ಅಂದೆ.

ಇನ್ನೊಂದು ಮಾತು ನನಗ ಭಾಳ ಸೇರ್ತು.
ಮಳಿಗಾಲಕ್ಕ ಖಣಿಯಾಗ ನೀರು ತುಂಬತದ, ಧಂದಾ ಮಲಗತದ,
ಸಾಲಾ ಮಾಡಿ ತಂದ ಕಟಿಂಗ್ ಮಷೀನು
ನಿಂತಲ್ಲೇ ನಿಂತು ಬಡ್ಡಿ ತಿಂತದ.
ಮೋಡ ಹಂಗಲ್ಲ. ಕೆಲಸ ಕಮ್ಮಿ ಆದ್ರ ಬಾಡಿಗಿನೂ ಕಮ್ಮಿ.
ಜನವರ್ಯಾಗ ಆರ್ಡರ್ ಮುಗಿಬಿದ್ರ ಒಂದು ಗೇಣು ಹಿಗ್ಗತದ.
ಕಲ್ಲಿಗೆ ಎಂದೂ ಬರಲಾರದ ಗುಣ.

"ಖರೇ ಹೇಳವ್ವ, ಅದು ಎಲ್ಲಿ ಅದ?"
"ಯಾರದೋ ದೊಡ್ಡ ಖೋಲ್ಯಾಗ. ಭಾಳ ಥಂಡಿ.
ಒಂದು ಕಣ ಹುಡಿ ಒಳಗ ಬಿಡಲ್ಲಂತ."
"ಕೆಳಗ ಯಾವ ಫರಸಿ ಹಾಕ್ಯಾರ?"
ಅದು ಅಕಿಗೂ ಗೊತ್ತಿಲ್ಲ.

ನಮ್ಮಪ್ಪ ಬಾಗಲ ಹೊರಗ
ಒಂದು ಕರೀ ಹಾಸಗಲ್ಲು ನಿಲ್ಲಿಸಿದ್ದ,
ಬಳಪದಲೆ ಅದರ ಮ್ಯಾಲ ಉಧಾರಿ ಬರೀತಿದ್ದ.
ಮೊದಲ ಮಳಿಗೆ ಅರ್ಧ ಊರಿನ ಹೆಸರು
ತೊಳದು ಹೋಗ್ತಿದ್ವು.
"ಒಳಗ ಇಡಬಾರದೇನು?" ಅಂದ್ರ
"ಭಾರ ಅದ" ಅಂತಿದ್ದ,
ಅದರ ಎರಡರಷ್ಟು ಕಲ್ಲು ಹೆಗಲ ಮ್ಯಾಲ ಇಟಕೊಂಡು.

ನನ್ನ ಮೋಡಕ್ಕ ಮಳಿ ಸುರಿಸಾದು ಗೊತ್ತಿಲ್ಲ.
ನಿನ್ನಿ ಕೆಂಪು ಅಕ್ಷರದಾಗ ಒಂದು ಹೆಸರು ಎದ್ದು ಬಂತು:
ದೇವೀಂದ್ರ ಮಿಸ್ತ್ರಿ, ಸಾವಿರದ ನೂರಾ ನಲವತ್ತು,
ಏಳುನೂರಾ ಹನ್ನೆರಡು ದಿನ.
ಅಂವ ಮಾಳಿಗಿ ಮ್ಯಾಲಿಂದ ಬಿದ್ದಾನ,
ಕೋಲು ಹಿಡಕೊಂಡು ಚಾದ ಅಂಗಡಿ ತನಕ ಬರ್ತಾನ,
ನನ್ನ ನೋಡಿದ್ರ ಮುಖಾ ತಿರುವಿ ಕೂಡ್ತಾನ.

"ಇದಕ್ಕ ಮಳಿ ಬೀಳಸಾ ಗುಂಡಿ ಎಲ್ಲಿ ಅದ?"
ಅರ್ಥ ಆಗ್ಲಿಲ್ಲ ಅಕಿಗೆ. ಆಮ್ಯಾಲ ಆಯ್ತು.
"ಅಳಿಸಿದ್ರೂ ಮೂವತ್ತು ದಿನ ಕಸದ ಬುಟ್ಟ್ಯಾಗ ಇರತದ ಅಂಕಲ್,
ಒಮ್ಮೆಲೆ ಹೋಗಲ್ಲ."

ಇರಲಿ ಅಂದೆ. ಒತ್ತಿದೆ.
ಮಿರಗ ಇದಕ್ಕಿಂತ ತಡಾ ಮಾಡಿದ್ದು ನೋಡೀನಿ.